ಮಡಚಿದ ಜಮಖಾನ

ಸಿಂಧನೂರಿನ ಕಾಲೇಜು ದಿನಗಳಿಂದಲೂ ನನಗೆ ಹುಚ್ಚು ಹಿಡಿಸಿದ್ದ ರಾಕ್ ಬ್ಯಾಂಡು ಹೈದರಾಬಾದಿನ ಸಂಗೀತೋತ್ಸವಕ್ಕೆ ಬಂದಾಗ, ಹೆಂಡತಿಯನ್ನೂ ಕರೆದುಕೊಂಡು ಮಸ್ಕಿಯಿಂದ ಹೋದೆ. ಕಾರ್ಯಕ್ರಮ ಬಯಲಲ್ಲಿ ಎಂದು ಅವಳಿಗೆ ಹೇಳಿದ್ದೇ ತಪ್ಪಾಯಿತು. ಬಯಲಾಟಕ್ಕೆ ಹೋಗುವವರಂತೆ ಜಮಖಾನ ತಂದಿದ್ದಳು. ವೇದಿಕೆಯ ಮುಂದೆಯೇ ಜಾಗ ಹಿಡಿದು, ಹಾಸಿ ಕುಳಿತೂಬಿಟ್ಟಳು. ಸುತ್ತ ನಿಂತಿದ್ದವರು ಮುಸಿಮುಸಿ ನಕ್ಕರು. ಹಳೆಯ ಅಭಿಮಾನಿಯೆಂಬ ನನ್ನ ಜಂಬವೆಲ್ಲ ಇಳಿದುಹೋಯಿತು.

“ಏಳ್ ಲಗೂನ, ಮಂದಿ ನಗಾಕತ್ತಾರ!” ಎಂದು ಗದರಿದೆ.

ಅವಳು ಜಮಖಾನ ಮಡಚಿ, ಎದೆಗವಚಿಕೊಂಡು ನಿಂತಳು. ನಾನು ಯಾರೋ ಎಂಬಂತೆ ದೂರ ಸರಿದೆ.

ಒಂದು ಹಾಡಿನ ನಡುವೆ ಗಿಟಾರು ನಿಂತಿತು. ಎಲ್ಲರೂ ಕುಳಿತುಕೊಳ್ಳಿ ಎಂದು ಗಾಯಕ ಕೈಸನ್ನೆ ಮಾಡಿದ. ಇಡೀ ಮೈದಾನವೇ ನೆಲದ ಮೇಲೆ ಕುಳಿತಿತು. ನಾನೂ ಕುಳಿತೆ. ಅವಳೊಬ್ಬಳೇ ನಿಂತಿದ್ದಳು. ಅಲ್ಲಿಂದಲೇ ನನ್ನನ್ನು ಕೇಳಿದಳು:

“ಈಗ ಹಾಸ್ಲೇನ್ರೀ?”