ಎಂಜಿನ್ ಇಳಿಸಿದ ದಿನ

ಕಾರಿನ ವಿಷಯದಲ್ಲಿ ನನ್ನ ಜ್ಞಾನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಯಾವ ಬದಿಗಿದೆ ಎನ್ನುವಲ್ಲಿಗೆ ಮುಗಿಯುತ್ತದೆ. ಅದನ್ನೂ ಒಮ್ಮೊಮ್ಮೆ ಇಳಿದು ನೋಡಿಯೇ ಹೇಳುತ್ತೇನೆ. ಓಡಿಸಲು ಬರುತ್ತದೆ, ಅಷ್ಟೆ. ಹಳಿಯಾಳದ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ವಿಭಕ್ತಿ ಪ್ರತ್ಯಯ ಗೊತ್ತು, ಪಿಸ್ಟನ್ ಗೊತ್ತಿಲ್ಲ. ಅಂಥವನ ತಲೆಗೆ ಅಣ್ಣ ತನ್ನ ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಎಂಜಿನ್ ಹಾಕಿಸುವ ಕೆಲಸ ಕಟ್ಟಿದ.

ಎರಡೇ ಬಾಗಿಲು, ಎರಡೇ ಸೀಟು, ಕೆಂಪು ಬಣ್ಣ. ಅಣ್ಣ ತರುಣನಾಗಿದ್ದಾಗ ಗೋವಾದವರೊಬ್ಬರಿಂದ ಕೊಂಡದ್ದು. ನೆಲಕ್ಕೆ ಎಷ್ಟು ಹತ್ತಿರವೆಂದರೆ ನಮ್ಮೂರಿನ ರಸ್ತೆಯ ಪ್ರತಿ ಹಂಪ್‌ಗೂ ಹೊಟ್ಟೆ ಉಜ್ಜಿ ನಮಸ್ಕಾರ ಮಾಡಿಯೇ ಮುಂದೆ ಹೋಗುತ್ತಿತ್ತು. ಹೆಸರಿಗೆ ಓಟದ ಕಾರು. ಕದ್ರಾ ಕಡೆಯಿಂದ ಅಣಶಿ ಘಾಟ್ ಹತ್ತುವಾಗ ಮಾತ್ರ ಪ್ರತಿಸಲ ಅರ್ಧಕ್ಕೇ ಕಾದು ಉಗಿ ಬಿಡುತ್ತಿತ್ತು. ಒಮ್ಮೆಯಾದರೂ ನಿಲ್ಲದೆ ಹತ್ತಬೇಕೆಂಬುದು ಅಣ್ಣನ ಆಸೆ. ಈ ವರ್ಷ ಹುಬ್ಬಳ್ಳಿಯ ಡಾಕ್ಟರು ಅವನ ಎದೆ ನೋಡಿ, ಆಪರೇಶನ್ ತಡೆಯುವ ಶಕ್ತಿಯಿಲ್ಲ, ಮನೆಯಲ್ಲೇ ಸುಖವಾಗಿ ಇಟ್ಟುಕೊಳ್ಳಿ ಎಂದರು. ವಾಪಸು ಬರುವಾಗ ಅಣ್ಣ ಹೇಳಿದ: “ನನ್ನ ಎಂಜಿನ್ ಅಂತೂ ಬದ್ಲಿ ಆಗೂದಿಲ್ಲ. ಕಾರಿಂದಾದ್ರೂ ಮಾಡಸೋ ತಮ್ಮಾ. ಲಗೂ ಮಾಡಸು.” ನಾನು ನಕ್ಕೆ. ನಗಬಾರದಿತ್ತು.

ಕಾರು ದಾಂಡೇಲಿಯ ಇನಾಸ್ ಮಿಸ್ತ್ರಿಯ ಗ್ಯಾರೇಜಿಗೆ ಹೋಯಿತು. ಸಾಂಬ್ರಾಣಿ ಊರಿನ ಕಡೆಯ ಸಿದ್ದಿ ಜನದವನು, ಕಾಗದದ ಮಿಲ್ಲಿನ ಲಾರಿಗಳನ್ನು ಬಿಚ್ಚಿ ಕಟ್ಟಿ ಕೈ ಪಳಗಿದವನು. ಎಲ್ಲೋ ಗುದ್ದಿ ನಜ್ಜಾದ ಹೊಸ ಕಾರೊಂದರ ಎಂಜಿನ್ನನ್ನು, ಹಳೆಯದರ ಎರಡರಷ್ಟು ಶಕ್ತಿಯದ್ದನ್ನು, ಅವನೇ ಹುಡುಕಿ ತಂದ. “ಕೂಡ್ರತೈತ್ರಿ ಸರ್, ಆದ್ರ ಜಾಗಾ ಸ್ವಲ್ಪ ಕೊರೀಬೇಕು. ಮದ್ಲ ಹಳೇದು ಇಳಸೂಣು” ಎಂದ.

ಇಳಿಸುವುದು ಎಂಬ ಕ್ರಿಯಾಪದದ ಮೇಲೆ ನಾನು ಒಂದು ತಾಸು ಪಾಠ ಮಾಡಬಲ್ಲೆ. ಹಾಲನ್ನು ಒಲೆಯಿಂದ ಇಳಿಸುತ್ತೇವೆ, ಹೊರೆಯನ್ನು ತಲೆಯಿಂದ, ವಿಷವನ್ನು ಮೈಯಿಂದ. ಜೀವ ಹೋಗುವ ಹೊತ್ತಿಗೆ ಮನುಷ್ಯನನ್ನು ಮಂಚದಿಂದ ನೆಲಕ್ಕೆ ಇಳಿಸುತ್ತೇವೆ. ಇಷ್ಟೆಲ್ಲ ಬಲ್ಲ ಪಂಡಿತ, ಹಳೆಯ ಎಂಜಿನ್ ಇಳಿಸಿದೆನೆಂದು ಇನಾಸನ ಫೋನು ಬಂದ ಬೆಳಿಗ್ಗೆ ಮನೆತನದ ವಾಟ್ಸಾಪ್ ಗುಂಪಿಗೆ ಶುದ್ಧ ಕನ್ನಡದಲ್ಲಿ “ಇಂದು ಬೆಳಿಗ್ಗೆ ಅಣ್ಣನದನ್ನು ಇಳಿಸಿದರು” ಎಂದು ಬರೆಯಲು ಹೋದೆ. ಒಂದು ‘ದ’ ಬಿಟ್ಟುಹೋಯಿತು. “ಅಣ್ಣನನ್ನು ಇಳಿಸಿದರು” ಎಂದು ಎಲ್ಲರಿಗೂ ಮುಟ್ಟಿತು. ಮಕ್ಕಳ ಇಂಥ ತಪ್ಪಿಗೆ ನಾನು ಕಿವಿ ಹಿಂಡಿದ್ದುಂಟು.

ಮಧ್ಯಾಹ್ನದೊಳಗೆ ಮುಂಡಗೋಡದಿಂದ ನಮ್ಮ ಸೋದರತ್ತೆ ಹೂವಿನ ಹಾರ ಹಿಡಿದು ಬಂದಳು. ಗೇಟಿನಿಂದಲೇ ಹಾಡಿಕೊಂಡು ಅಳುತ್ತಿದ್ದಳು. ಅಣ್ಣ ಪಡಸಾಲೆಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದ.

“ಇನ್ನೂ ಹೋಗಿಲ್ಲ ಅತ್ತಿ. ಒಳಗ ಬಾ, ಚಾ ಕುಡಿ.”

ಎಲ್ಲರೂ ನಕ್ಕೆವು. ಅತ್ತೆ ಅವನ ಪಕ್ಕ ಕೂತು ಕೈ ಹಿಡಿದಳು. ಅದು ಎಷ್ಟು ಸಣ್ಣಗಾಗಿದೆಯೆಂದು ನೋಡಿ ಮತ್ತೆ ಅತ್ತಳು, ಈ ಸಲ ರಾಗವಿಲ್ಲದೆ. “ಅಳೂದು ಈಗ ಮುಗಿಸಿಬಿಡು” ಎಂದ ಅಣ್ಣ, “ನಾನೂ ಕೇಳಿಸ್ಕೊಂಡಂಗ ಆತು.” ನನಗೆ ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ನನ್ನ ತಪ್ಪು ಅಕ್ಷರದ್ದಾಗಿತ್ತು. ಸುದ್ದಿ ಸುಳ್ಳಲ್ಲ, ಸ್ವಲ್ಪ ಬೇಗ ಹೋಗಿತ್ತು, ಅಷ್ಟೆ.

ಮೂರು ವಾರದಲ್ಲಿ ಹೊಸ ಎಂಜಿನ್ ಕೂತಿತು. ಅಣ್ಣನ ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿಕೊಂಡು ಕದ್ರಾಕ್ಕೆ ಇಳಿದೆ, ಅಲ್ಲಿಂದ ತಿರುಗಿಸಿ ಘಾಟ್ ಹತ್ತಿದೆ. ಕಾರು ಎಲ್ಲೂ ಉಸಿರು ಕಟ್ಟಲಿಲ್ಲ. ತಿರುವುಗಳು ಬಂದವು, ಹೋದವು. ನೋಡುನೋಡುತ್ತ ಅಣಶಿ ಬಂತು.

“ಆತೇನು?” ಎಂದ ಅಣ್ಣ.

“ಆತಲ್ಲ. ಎಲ್ಲೂ ನಿಲ್ಲಲಿಲ್ಲ.”

ಅವನು ಕನ್ನಡಿಯಲ್ಲಿ ಹಿಂದಿನ ತಿರುವು ನೋಡಿದ. “ಅರ್ಧಕ್ಕ ನಿಂತಾಗ ಎಷ್ಟ ಮಾತಾಡ್ತಿದ್ವಿ. ನೀ ನಿನ್ನ ಲಗ್ನದ ಸುದ್ದಿ ಹೇಳಿದ್ದೂ ಅಲ್ಲೇ.”

“ಹೊರಳಿ ಹೋಗೂಣೇನು?”

“ಬ್ಯಾಡ. ದಣದೇನಿ.”

ಆಮೇಲೆ ಹನ್ನೊಂದನೆಯ ದಿನ ಅವನನ್ನು ಇಳಿಸಿದೆವು. ನಾನು ಗುಂಪಿಗೆ ಏನನ್ನೂ ಬರೆಯಲಿಲ್ಲ. ಒಬ್ಬೊಬ್ಬರಿಗೇ ಫೋನು ಮಾಡಿ ಹೇಳಿದೆ.

ಕಾರು ಈಗ ನನ್ನ ಪಾಲಿಗೆ ಬಂದಿದೆ. ತಿಂಗಳಿಗೊಮ್ಮೆ ಕದ್ರಾಕ್ಕೆ ಇಳಿದು ಹತ್ತಿ ಬರುತ್ತೇನೆ. ಅರ್ಧ ಘಾಟಿನಲ್ಲಿ ಬದಿಗೆ ಹಾಕಿ, ಬಾನೆಟ್ ಎತ್ತಿ, ಕಲ್ಲಿನ ಮೇಲೆ ಕೂರುತ್ತೇನೆ. ಲಾರಿಯವರು ನಿಧಾನ ಮಾಡಿ, “ಗರಂ ಆತೇನ್ರಿ ಸರ್?” ಎಂದು ಕೇಳುತ್ತಾರೆ.

“ಹೌದ್ರಿ, ಸ್ವಲ್ಪ ಆರಲಿ” ಎನ್ನುತ್ತೇನೆ. ಎಂಜಿನ್ನಿಗೆ ಏನೂ ಆಗಿರುವುದಿಲ್ಲ.