ತವರಿಗೆ ಹೊರಟವಳು ಬಸ್ಸಿನಲ್ಲಿ ಮಲಗಿದ್ದು

ನಮ್ಮ ಕಡೆ ಒಂದು ಪದ್ಧತಿಯಿದೆ. ಕೊಟ್ಟ ಹೆಣ್ಣುಮಗಳು ತವರಿಗೆ ಬಂದರೆ ಅವಳ ಕೈಯಲ್ಲಿ ಒಂದು ಕಡ್ಡಿಯನ್ನೂ ಎತ್ತಿಸಬಾರದು. ಅವ್ವ ಇರುವವರೆಗೆ ಹಾಗೇ ನಡೆಯಿತು. ಅಕ್ಕ ಅಜ್ಜಂಪುರದಿಂದ ಪಂಚನಹಳ್ಳಿಗೆ ಬಂದಳೆಂದರೆ ಅವ್ವ ನಡುಮನೆಯಲ್ಲಿ ಚಾಪೆ ಹಾಸಿ ಮಧ್ಯಾಹ್ನವೆಲ್ಲ ಮಲಗಿಸುತ್ತಿದ್ದಳು. ಹೊರಡುವಾಗ ಅಕ್ಕಿ, ಬೆಲ್ಲ, ಕೊಬ್ಬರಿ ಇಟ್ಟು ಮಡಿಲು ತುಂಬುತ್ತಿದ್ದಳು. ಅವ್ವ ಹೋದ ಮೇಲೆ ಆ ಪದ್ಧತಿ ನನ್ನ ಪಾಲಿಗೆ ಬಂತು. ಮಡಿಲಕ್ಕಿಯನ್ನು ನಾನು ಎಂದೂ ತಪ್ಪಿಸಲಿಲ್ಲ. ಚಾಪೆ ಹಾಸುವುದನ್ನು ಮಾತ್ರ ಮರೆತೆ.

ಮರೆತೆ ಅನ್ನುವುದೂ ಸುಳ್ಳೇ. ಅಕ್ಕ ಬರುತ್ತಾಳೆಂದರೆ ನಮ್ಮ ಮನೆಯ ಕೆಲಸಗಳೆಲ್ಲ ಬಾಗಿಲಲ್ಲಿ ನಿಂತು ಅವಳ ದಾರಿ ಕಾಯುತ್ತಿದ್ದವು. ಮಕ್ಕಳ ಯೂನಿಫಾರಂ ಗುಂಡಿ ಕಿತ್ತರೆ ಅತ್ತೆ ಬಂದು ಹಾಕುತ್ತಾಳೆ, ಸಾರಿನ ಪುಡಿ ಮುಗಿದರೆ ಅತ್ತೆ ಬಂದು ಹುರಿಯುತ್ತಾಳೆ. ಅಕ್ಕನ ಕೈರುಚಿ ಯಾರಿಗೂ ಬರುವುದಿಲ್ಲ ಎಂದು ನಾನು ಪಕ್ಕದಲ್ಲಿ ಕೂತು ಹೊಗಳುತ್ತಿದ್ದೆ. ಅವಳಿಗೆ ಸಿಗುತ್ತಿದ್ದ ಕೂಲಿ ಅದೊಂದೇ. ಅತ್ತಿಗೆ ಬಂದರೆ ತನ್ನ ಸೊಂಟಕ್ಕೆ ಸ್ವಲ್ಪ ಬಿಡುವು ಎಂದು ನನ್ನ ಹೆಂಡತಿ ಬಾಯಿಬಿಟ್ಟೇ ಹೇಳುತ್ತಿದ್ದಳು. ಅವಳದು ಮುಚ್ಚುಮರೆಯಿಲ್ಲದ ಮಾತು. ನನ್ನದು ಪ್ರೀತಿಯ ಹೆಸರಿನಲ್ಲಿ.

ಅಕ್ಕನಿಗೆ ಅವಳ ಮನೆಯಲ್ಲೇ ಬೇಕಾದಷ್ಟು ಕೆಲಸವಿತ್ತು. ಭಾವ ಬೆಳಗಾಗುವ ಮುಂಚೆಯೇ ಲಗೇಜ್ ಆಟೋ ತೆಗೆದುಕೊಂಡು ಹೊರಟುಬಿಡುತ್ತಾನೆ. ಅವಳ ಅತ್ತೆಗೆ ಮಂಡಿನೋವು. ದೊಡ್ಡ ಮಗಳನ್ನು ಟ್ಯೂಷನ್ನಿಗೆ ಹೊರಡಿಸಬೇಕು, ಚಿಕ್ಕವನಿಗೆ ಊಟ ಮಾಡಿಸುವುದೇ ಒಂದು ಪಂಚಾಯ್ತಿ. ಇದರ ಮಧ್ಯೆ ಊರವರ ಬ್ಲೌಸ್ ಹೊಲಿಗೆ ಬೇರೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಗುಂಡಿ ಕಿತ್ತ ಶರ್ಟನ್ನು ಅವಳ ಮುಂದೆ ಇಡುತ್ತಿದ್ದೆ.

ಹೋದ ವರ್ಷದಿಂದ ಅವಳು ಬರುವುದು ನಿಂತುಹೋಯಿತು. ಅಜ್ಜಂಪುರ ತಾಲ್ಲೂಕು ಆದಮೇಲೆ ಅಕ್ಕನಿಗೂ ಗತ್ತು ಬಂದಿದೆ ಎಂದು ನಾನು ಹೆಂಡತಿಯ ಮುಂದೆ ಆಡಿಕೊಂಡೆ.

ಹೀಗಿರುವಾಗ ಒಂದು ಶನಿವಾರ ಬೋರ್‌ವೆಲ್ಲಿಗೆ ಹಳೆಯ ಮೋಟಾರು ನೋಡಲು ತರೀಕೆರೆಗೆ ಹೋಗಿದ್ದೆ. ಮೋಟಾರು ಸರಿಯಿರಲಿಲ್ಲ. ಬರಿಗೈಯಲ್ಲಿ, ಅಜ್ಜಂಪುರದಿಂದ ತರೀಕೆರೆ ಸುತ್ತಿ ಬರುವ ಕಡೂರಿನ ಬಸ್ಸು ಹತ್ತಿದರೆ, ಕಿಟಕಿಯ ಪಕ್ಕ ಅಕ್ಕ. ಕಂಬಿಗೆ ತಲೆ ಆನಿಸಿ, ಬಾಯಿ ತೆರೆದು, ಚಿಕ್ಕ ಮಗುವಿನಂತೆ ನಿದ್ದೆ ಮಾಡುತ್ತಿದ್ದಳು. ನಮ್ಮ ಮನೆಗೇ ಹೊರಟಿದ್ದಾಳೆಂದು ಖುಷಿಯಾಗಿ ಭುಜ ಮುಟ್ಟಲು ಹೋದೆ. ಕಂಡಕ್ಟರ್ ನನ್ನ ಕೈ ಹಿಡಿದ.

"ಎಬ್ಬಿಸ್ಬೇಡಿ ಕಣ್ರೀ. ಅಜ್ಜಂಪುರ ಬಿಡ್ತಿದ್ದಂಗೆ ಮಲಗ್ತಾರೆ. ಕಡೂರಲ್ಲಿ ಒಂದು ಟೀ ಕುಡಿದು ಇದೇ ಬಸ್ಸಲ್ಲಿ ಮಲಕ್ಕೊಂಡೇ ವಾಪಸ್ ಹೋಗ್ತಾರೆ."

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಎಂತೆಂಥವರನ್ನೋ ನೋಡಿದ್ದೇನೆ, ಸೊನ್ನೆ ರೂಪಾಯಿ ಟಿಕೆಟ್ಟಿನಲ್ಲಿ ನಿದ್ದೆ ಕೊಳ್ಳುವವರು ಇವರೊಬ್ಬರೇ ಎಂದ. ಆಗಾಗ ಬರುತ್ತಾರಂತೆ. ತಮ್ಮನ ಮನೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬರುತ್ತಾರಂತೆ. "ಆ ತಮ್ಮ ಯಾವ ಪುಣ್ಯಾತ್ಮನೋ," ಎಂದು ನಕ್ಕು, ನೀವು ಇವರಿಗೆ ಏನಾಗಬೇಕು ಎಂದು ಕೇಳಿದ.

ಊರಿನವನು ಎಂದೆ.

ಹಾಗಂದು ನಾಲಗೆ ಒಳಕ್ಕೆ ಹೋಗಿರಲಿಲ್ಲ, ನನ್ನ ಫೋನು ಬಡಿದುಕೊಂಡಿತು. ಭಾವ. ಅಕ್ಕನ ಫೋನು ಸ್ವಿಚ್ ಆಫ್ ಬರುತ್ತಿದೆ, ನಿಮ್ಮನೆಗೆ ಬಂದಳೇನೋ ಎಂದ. ಏನು ಹೇಳಲಿ? ಬಂದಿಲ್ಲ ಎಂದರೆ ಅವಳ ನಿದ್ದೆ ಅವತ್ತಿಗೇ ಮುಗಿಯಿತು.

"ಬಂದವ್ಳೆ ಭಾವ. ಮಲಗವ್ಳೆ," ಎಂದೆ. ಅರ್ಧವಾದರೂ ನಿಜ.

ಅದೇ ಹೊತ್ತಿಗೆ ಕಂಡಕ್ಟರ್ ಕಿವಿ ತೂತಾಗುವಂತೆ ಸೀಟಿ ಊದಿದ. ಅದೇನೋ ಅದು ಎಂದ ಭಾವ. ಕುಕ್ಕರ್ ಎಂದೆ. ಕೂಡಲೇ ಕಂಡಕ್ಟರ್, ಬೀರೂರು ಇಳಿಯುವವರು ಮುಂದೆ ಬನ್ನಿ ಎಂದು ಕೂಗಿದ.

ಭಾವ, "ನಿಮ್ಮನೆ ಕುಕ್ಕರ್ ಚೆನ್ನಾಗಿ ಮಾತಾಡ್ತದೆ ಕಣೋ. ಇರ್ಲಿ, ಅವಳ್ನ ಎಬ್ಬಿಸ್ಬೇಡ," ಎಂದು ಫೋನಿಟ್ಟ.

ಕಂಡಕ್ಟರ್ ನನ್ನನ್ನೇ ನೋಡುತ್ತಿದ್ದ. ನಾನು ಕಡೂರಿನವರೆಗೂ ಕಿಟಕಿಯಾಚೆಯ ತೆಂಗಿನ ಮರಗಳನ್ನು ನೋಡಿದೆ.

ಕಡೂರಿನಲ್ಲಿ ಎದ್ದ ಅಕ್ಕ ನನ್ನನ್ನು ಕಂಡು ಬೆಚ್ಚಲಿಲ್ಲ. ಸೆರಗು ಸರಿಮಾಡಿಕೊಂಡು, ನನಗೂ ಒಂದು ಟೀ ಹೇಳಿದಳು. ನನ್ನ ಮನೆ ಇರುವಾಗ ಬಸ್ಸಿನಲ್ಲಿ ಯಾಕೆ ಮಲಗುತ್ತೀಯ ಎಂದು ಕೇಳಿದೆ. ಕೇಳುವಾಗ ನನ್ನ ದನಿ ನನಗೇ ಕಳ್ಳನ ದನಿಯಂತೆ ಕೇಳಿಸಿತು.

"ಬಸ್ಸಲ್ಲಿ ನಾನು ಯಾರಿಗೂ ಏನೂ ಆಗಲ್ಲ ಕಣೋ. ಅವ್ವನೂ ಅಲ್ಲ, ಅಕ್ಕನೂ ಅಲ್ಲ, ಅತ್ತೆನೂ ಅಲ್ಲ. ಹಿಂಗೆ ಮಲಗಿ ಹೋದ್ರೆ ಒಂದಷ್ಟು ದಿನ ಮಕ್ಕಳ ಮೇಲೆ ರೇಗಲ್ಲ."

ಇನ್ನು ಮೇಲೆ ಮನೆಗೇ ಬಾ, ಒಂದು ಕೆಲಸವನ್ನೂ ಹೇಳುವುದಿಲ್ಲ ಎಂದೆ. ಅವಳು ಬನ್ನನ್ನು ಟೀಯಲ್ಲಿ ಅದ್ದಿದಳು.

"ಬತ್ತೀನಿ. ಸುಸ್ತಿಲ್ಲದಾಗ ಬತ್ತೀನಿ. ನಿಮ್ಮನೆಗೆ ಬರೋಕೆ ಮೈಯಲ್ಲಿ ಕಸುವಿರ್ಬೇಕು."

ಸಿಟ್ಟಿನಿಂದ ಅಂದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವಳು ಬಸ್ಸಿನ ವೇಳೆ ಹೇಳುವಂತೆ ಹೇಳಿದಳು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ತಪ್ಪು ನಿಮ್ಮದು ಎಂದಳು. ನಿನ್ನದೂ ಇದೆ ಎಂದೆ. ಇಬ್ಬರ ಮಾತೂ ಸರಿಯಾಗಿಯೇ ಇದ್ದುದರಿಂದ ಜಗಳ ಬೆಳೆಯಲಿಲ್ಲ. ಸಾರಿನ ಪುಡಿಯನ್ನು ನಾವೇ ಹುರಿದೆವು. ಸೀದುಹೋಯಿತು. ಅದನ್ನೇ ತಿಂದೆವು.

ಮೊನ್ನೆ ಭಾನುವಾರ ಅಕ್ಕ ಹೇಳದೆ ಕೇಳದೆ ಬಂದಳು. ಮುಖ ಬಾಡಿತ್ತು.

"ಸುಸ್ತಾಗೈತೇನಕ್ಕ?" ಎಂದೆ.

"ಹ್ಞೂಂ," ಎಂದಳು.

ಅಷ್ಟೇ ಅಂದು ಒಳಗೆ ಹೋದಳು. ಹೆಂಡತಿ ಮಿಕ್ಸಿಯ ಪ್ಲಗ್ಗು ಕಿತ್ತಳು. ನಾನು ಮಕ್ಕಳನ್ನು ಹೊರಡಿಸಿಕೊಂಡು ತೋಟಕ್ಕೆ ನಡೆದೆ. ಅಲ್ಲಿ ಎಳನೀರು ಕೆಡವಿ ಕೊಟ್ಟೆ, ಬಾರದ ಕಥೆ ಹೇಳಿದೆ, ಕಾಲುವೆಯಲ್ಲಿ ಏಡಿ ಹುಡುಕಿಸಿದೆ. ನೀರೇ ಇಲ್ಲದ ಕಾಲುವೆಯಲ್ಲಿ ಏಡಿ ಎಲ್ಲಿಂದ ಬರಬೇಕು? ಹೊತ್ತು ಇಳಿಯಿತು. ಅಪ್ಪಾ, ಹಸಿವು, ಮನೆಗೆ ಹೋಗೋಣ ಎಂದು ಚಿಕ್ಕವಳು ಪಂಚೆ ಜಗ್ಗಿದಳು.

ಇನ್ನೊಂದು ಎಳನೀರು ಕುಡಿ ಎಂದೆ.