ಕುಲಾವಿ ಅಕ್ಕನ ಎರಡು ಪ್ಲೇಟುಗಳು

ಔಷಧಿಯ ಕಚ್ಚಾಸರಕು ಮಾಡುವ ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕುಲಾವಿ ಅಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಅವಳ ಕೆಲಸ ಅದೇ. ಅಣುವಿನ ನಾಜೂಕಾದ ಮೂಲೆಗೆ, ಅಂದರೆ ಕೀಟೋನಿಗೆ, ಎಳೆಮಗುವಿನ ತಲೆ ಕಾಪಾಡಲು ಹಾಕುವಂತೆ, ಕೀಟಾಲ್ ಎಂಬ ಕುಲಾವಿ ತೊಡಿಸಬೇಕು. ಸಿಕ್ಕಿದ್ದನ್ನೆಲ್ಲ ಕಚ್ಚುವ ರಾಸಾಯನಿಕವೊಂದನ್ನು ಹಾಕಿ, ಅಣುವಿನ ಉಳಿದ ಕಡೆ ಆಗಬೇಕಾದ್ದನ್ನು ಮಾಡಿಸಬೇಕು. ಆಮೇಲೆ ಚೂರು ಆಮ್ಲ, ಚೂರು ನೀರು ಸೇರಿಸಿ ಕುಲಾವಿ ಬಿಚ್ಚಬೇಕು. ಬಿಚ್ಚಲು ಕೈಹಾಕುವ ಮೊದಲೇ, ಆಮ್ಲದ ಆಟ ನಿಲ್ಲಿಸುವ ಸೋಡಾ ಪುಡಿಯನ್ನು ತೂಗಿ ಬಟ್ಟಲಲ್ಲಿ ಪಕ್ಕಕ್ಕಿಟ್ಟುಕೊಳ್ಳುತ್ತಿದ್ದಳು. ಮಗುವಿನ ತಲೆಗೆ ನೀರು ಹಾಕಿದ ಮೇಲೆ ಟವಲು ಹುಡುಕುವವರನ್ನು ಅವಳು ನಂಬುತ್ತಿರಲಿಲ್ಲ.

ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕೆ ಅವಳ ಅತ್ತಿಗೆ ಸೇರಿ ಎಂಟು ದಿನವಾಗಿತ್ತು. ಸೇರಿಸಿದ್ದು ಇವಳೇ. ಅಣ್ಣನಿಗೆ ಕೆಲಸ ಹೋಗಿ ಮನೆ ನಡೆಯುವುದೇ ಕಷ್ಟವಾಗಿತ್ತು.

ಒಂಬತ್ತನೆಯ ದಿನ ಸಾಹೇಬರು ಪ್ಲೇಟು ಹಿಡಿದುಕೊಂಡು ಬಂದರು. ಪ್ಲೇಟೆಂದರೆ ಬಿಳಿ ಪುಡಿ ಬಳಿದ, ಎರಡು ಬೆರಳಗಲದ ಪಟ್ಟಿ. ಫ್ಲಾಸ್ಕಿನ ಹನಿಯನ್ನು ಅದರ ಬುಡಕ್ಕೆ ಮುಟ್ಟಿಸಿ ದ್ರಾವಕದಲ್ಲಿ ನಿಲ್ಲಿಸಿದರೆ, ಹನಿಯಲ್ಲಿರುವ ಒಂದೊಂದು ವಸ್ತುವೂ ಒಂದೊಂದು ಚುಕ್ಕೆಯಾಗಿ ಮೇಲೇರುತ್ತದೆ. ಒಂದೇ ಚುಕ್ಕೆ ಇರಬೇಕಿತ್ತು. ಎರಡಿದ್ದವು.

"ಕುಲಾವಿ ಈಗ್ಲೇ ಕಳಚ್ಕೊಂಡಿದೆ. ಸರಿಯಾಗಿ ತೊಳೀದೆ ಫ್ಲಾಸ್ಕಲ್ಲಿ ಆಮ್ಲ ಉಳಿಸಿದಾರೆ. ಮೂರು ವಾರದ ಮಾಲು ಮಣ್ಣುಪಾಲು," ಎಂದರು ಸಾಹೇಬರು. "ನಿಮ್ಮ ಅತ್ತಿಗೆಗೆ ನಾಳೆಯಿಂದ ಬರೋದು ಬೇಡ ಅಂತ ಹೇಳಿ."

ಅತ್ತಿಗೆ ಎರಡು ಮಾರು ದೂರದಲ್ಲಿ, ಸಿಂಕಿನ ಮುಂದೆಯೇ ಇದ್ದಳು. ಹೇಳುವ ಅಗತ್ಯವಿರಲಿಲ್ಲ.

"ನಾಲ್ಕು ಸಲ ಜಾಲಿಸಿದೀನಿ ಕಣೇ," ಎಂದಳು ಮೆಲ್ಲಗೆ. "ನಿಮ್ಮಣ್ಣನ ಊಟದ ಡಬ್ಬಿನೂ ಅಷ್ಟು ಜಾಲಿಸಲ್ಲ."

"ಗೊತ್ತು ಅತ್ತಿಗೆ. ಸ್ವಲ್ಪ ತಡೀರಿ." ಅಕ್ಕ ಸಾಹೇಬರತ್ತ ತಿರುಗಿದಳು. "ಸರ್, ಹನಿ ಇಟ್ಟ ತಕ್ಷಣ ದ್ರಾವಕದಲ್ಲಿ ನಿಲ್ಲಿಸಿದ್ರಾ?"

"ಮಧ್ಯೆ ಒಂದು ಫೋನ್ ಬಂತು."

"ಎಷ್ಟು ಹೊತ್ತು?"

"ನನ್ನ ಭಾವಮೈದುನಂದು. ಅವನಿಗೆ ಮಾತು ಸ್ವಲ್ಪ ಜಾಸ್ತಿ."

ಸ್ವಲ್ಪ ಜಾಸ್ತಿ ಎಂದರೆ ನಲವತ್ತು ನಿಮಿಷವೆಂದು ಅಕ್ಕ ಅಂದಾಜು ಮಾಡಿದಳು. ಹೊಸ ಪ್ಲೇಟು ಎರಡು ತೆಗೆದುಕೊಂಡು, ಅದೇ ಫ್ಲಾಸ್ಕಿನ ಹನಿಯನ್ನು ಎರಡಕ್ಕೂ ಇಟ್ಟಳು. ಒಂದನ್ನು ಕೂಡಲೇ ದ್ರಾವಕದಲ್ಲಿ ನಿಲ್ಲಿಸಿದಳು. ಇನ್ನೊಂದನ್ನು ಮೇಜಿನ ಮೇಲಿಟ್ಟು ಗಡಿಯಾರ ನೋಡುತ್ತ ಕುಳಿತಳು. ಸಾಹೇಬರೂ ಕುಳಿತರು. ಅತ್ತಿಗೆ ತೊಳೆದ ಬೀಕರನ್ನೇ ಮತ್ತೆ ಮತ್ತೆ ತೊಳೆದಳು. ನಡುವೆ ಸಾಹೇಬರ ಫೋನು ರಿಂಗಾಯಿತು. ಹೆಸರು ನೋಡಿ ಜೇಬಿಗೆ ಹಾಕಿಕೊಂಡರು.

ಮೊದಲ ಪ್ಲೇಟಿನಲ್ಲಿ ಒಂದು ಚುಕ್ಕೆ. ನಲವತ್ತು ನಿಮಿಷ ಕೂತು ಆಮೇಲೆ ದ್ರಾವಕಕ್ಕಿಳಿದ ಪ್ಲೇಟಿನಲ್ಲಿ ಎರಡು.

"ಈ ಬಿಳಿ ಪುಡಿಗೇ ಒಂಚೂರು ಆಮ್ಲದ ಗುಣ ಇದೆ ಸರ್. ಹನಿ ಅದರ ಮೇಲೆ ಕೂತಷ್ಟೂ ಕುಲಾವಿ ಕಿತ್ತು ಹಾಕತ್ತೆ. ಫ್ಲಾಸ್ಕ್ ಒಳಗೆ ಎಲ್ಲಾ ನೆಟ್ಟಗಿದೆ."

ಸಾಹೇಬರು ಎರಡೂ ಪ್ಲೇಟುಗಳನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಸರಿ, ಕೆಲಸ ಮುಂದುವರಿಸಿ."

"ಅತ್ತಿಗೆ?"

"ಅವರೂ ಮುಂದುವರಿಸಲಿ."

ಮರುದಿನ ಸಂಜೆ ಕುಲಾವಿ ಬಿಚ್ಚಬೇಕಾದ ಹೊತ್ತಿಗೇ ಬಿಚ್ಚಿಕೊಂಡಿತು, ಸೋಡಾ ಬೀಳಬೇಕಾದ ಹೊತ್ತಿಗೇ ಬಿತ್ತು. ಅಷ್ಟರಲ್ಲಿ ಸಿಂಕಿನ ಮೇಲಿನ ಗೋಡೆಗೆ ಸಾಹೇಬರ ಸಹಿಯಿದ್ದ ಹೊಸ ಕಾಗದವೊಂದು ಅಂಟಿಕೊಂಡಿತ್ತು: ಪ್ಲೇಟಿಗೆ ಹನಿ ಇಟ್ಟ ಮೇಲೆ ಫೋನಿನಲ್ಲಿ ಮಾತಾಡಕೂಡದು.

"ನಾನು ಪ್ಲೇಟು ಮುಟ್ಟೇ ಇಲ್ಲವಲ್ಲೇ, ಇಲ್ಲಿ ಯಾಕೆ ಅಂಟಿಸಿದಾರೆ?" ಎಂದಳು ಅತ್ತಿಗೆ.

"ಗೋಡೆ ಖಾಲಿ ಇತ್ತಂತೆ," ಎಂದಳು ಅಕ್ಕ, ಮುಂದಿನ ಫ್ಲಾಸ್ಕನ್ನು ಅವಳ ಕೈಗೆ ಕೊಡುತ್ತ.